ಸಸ್ಟೇನಬಲ್ ಕೆಮಿಸ್ಟ್ರಿಗೆ ಕನ್ನಡದಲ್ಲಿ ಏನು? ನಾಳೆ ಬ್ಯಾನರ್ ಪ್ರಿಂಟಿಗೆ ಹೋಗಬೇಕು

(ಶಿವಮೊಗ್ಗದಿಂದ)

ಎಲ್ಲರಿಗೂ ನಮಸ್ಕಾರ. ರೈತರ ಮೇಳವೊಂದರಲ್ಲಿ ನಮ್ಮ ಕಾಲೇಜಿನ ಮಕ್ಕಳು ಮಳಿಗೆ ಹಾಕುತ್ತಿದ್ದಾರೆ. ಬ್ಯಾನರಿನ ಮೇಲಿನ ಸಾಲು ಇಂಗ್ಲಿಷಿನಲ್ಲಿ ಬಂದಿದೆ. ಸಸ್ಟೇನಬಲ್ ಕೆಮಿಸ್ಟ್ರಿ ಬೇಸಾಯಕ್ಕೂ ಆಹಾರ ಭದ್ರತೆಗೂ ಹೇಗೆ ನೆರವಾಗುತ್ತದೆ ಅನ್ನುವುದು ವಿಷಯ. ಕೆಳಗೆ ಎರಡು ಚಿತ್ರ: ಬೇವು ಲೇಪಿತ ಯೂರಿಯಾ ಚೀಲ, ಅಡಿಕೆಗೆ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಬೆರೆಸಿದ ಮದ್ದು) ಸಿಂಪಡಿಸುವವರು.

ನಾನು "ಸುಸ್ಥಿರ ರಸಾಯನಶಾಸ್ತ್ರ" ಅಂತ ಬರೆದೆ. ಓದಿ ನೋಡಿದ ನಮ್ಮ ಕಚೇರಿಯ ಸಹಾಯಕರು, "ಅಂದರೆ ಏನು ಮೇಡಂ?" ಅಂದರು. ಅವರದೇ ಮೂರು ಎಕರೆ ಗದ್ದೆ ಇದೆ. ಅವರಿಗೇ ತಿಳಿಯದಿದ್ದರೆ ಬ್ಯಾನರ್ ಯಾರಿಗೆ? ನಾಳೆ ಮಧ್ಯಾಹ್ನದ ಒಳಗೆ ಪ್ರೆಸ್ಸಿಗೆ ಕೊಡಬೇಕು. ದಯವಿಟ್ಟು ಬೇಗ ತಿಳಿಸಿ.

(ಮೈಸೂರಿನಿಂದ)

ಸುಸ್ಥಿರ ರಸಾಯನಶಾಸ್ತ್ರ ಸರಿಯಾಗಿಯೇ ಇದೆ. ಸುಸ್ಥಿರ ಅಭಿವೃದ್ಧಿ, ಸುಸ್ಥಿರ ಕೃಷಿ ಎಲ್ಲ ಕಡೆ ಬಳಕೆಯಲ್ಲಿವೆ. ಪ್ರತಿ ಬ್ಯಾನರಿಗೂ ಹೊಸ ಪದ ಕಟ್ಟುತ್ತಾ ಕೂತರೆ ಪರಿಭಾಷೆ ಯಾವತ್ತೂ ನೆಲೆ ನಿಲ್ಲುವುದಿಲ್ಲ. ಬದಲಾಯಿಸಬೇಡಿ.

(ಬೆಂಗಳೂರಿನಿಂದ)

ಒಪ್ಪುವುದಿಲ್ಲ. ಸು, ಸ್ಥಿರ, ರಸ, ಅಯನ, ಶಾಸ್ತ್ರ: ಐದೂ ಸಂಸ್ಕೃತ. ಕನ್ನಡ ಎಲ್ಲಿದೆ? ರಸಾಯನ ಅಂದರೆ ನಮ್ಮ ಮನೆಗಳಲ್ಲಿ ಬಾಳೆಹಣ್ಣು, ಬೆಲ್ಲ, ಕಾಯಿಹಾಲು ಹಾಕಿ ಮಾಡಿ ದೋಸೆಗೆ ನೆಂಚಿಕೊಳ್ಳುವುದು. ಬಾಳು, ಬಾಳಿಕೆ ನಮ್ಮ ಬೇರಿನ ಪದಗಳು. "ಬಾಳಿಕೆಯ ರಸಾಯನ" ಅನ್ನಿ. ಸಾಧ್ಯವಾದರೆ ಶಾಸ್ತ್ರದ ಬದಲು ಅರಿಮೆ ಹಾಕಿ. ಆಹಾರ ಭದ್ರತೆಯೂ ಬೇಡ. ಭದ್ರತೆ ಅಂದರೆ ಪೊಲೀಸ್ ಕಾವಲು. "ಉಣಿಸಿನ ಕಾಪು" ಚೆನ್ನಾಗಿದೆ.

(ಪುತ್ತೂರಿನಿಂದ)

ಮೇಡಂ, ನಾನು ಬಹಳ ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು, ಅಡಿಕೆ ತೋಟವೂ ಇದೆ. ಮೇಲಿನ ಇಬ್ಬರ ಪದವನ್ನೂ ಬಳಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಕಾರಣ ಸಂಸ್ಕೃತವೂ ಅಲ್ಲ, ಅಚ್ಚಗನ್ನಡವೂ ಅಲ್ಲ. ಎರಡೂ ವಿಷಯವನ್ನು ತಲೆಕೆಳಗು ಮಾಡುತ್ತವೆ.

ತರಗತಿಯಲ್ಲಿ ಸ್ಥಿರ ಸಂಯುಕ್ತ ಅಂದರೆ ಸುಲಭವಾಗಿ ಒಡೆಯದ ವಸ್ತು. ಹಾಗಾದರೆ ಸುಸ್ಥಿರ ಅಂದರೆ? ಇನ್ನೂ ಗಟ್ಟಿಯಾಗಿ ಉಳಿಯುವಂಥದ್ದು ಅಂತಲೇ ಹುಡುಗರು ತಿಳಿಯುತ್ತಾರೆ. ಅಭಿವೃದ್ಧಿಯ ಪಕ್ಕ ಈ ಪದ ಕೂತರೆ ತೊಂದರೆ ಇಲ್ಲ. ರಸಾಯನದ ಪಕ್ಕ ಕೂತರೆ ಅರ್ಥವೇ ಬೇರೆ. ಬಾಳಿಕೆ ಅಂತೂ ಇನ್ನೂ ಅಪಾಯ. ರೈತರು ಬಾಳಿಕೆ ಬರುತ್ತದೆ ಅನ್ನುವುದು ಪಂಪ್‌ಸೆಟ್ಟಿಗೆ, ಪೈಪಿಗೆ. ಔಷಧಿಗೆ ಬಾಳಿಕೆ ಅಂದರೆ ಸಿಂಪಡಿಸಿದ್ದು ಮಣ್ಣಲ್ಲಿ, ನೀರಲ್ಲಿ ಹಾಗೇ ಉಳಿಯುತ್ತದೆ ಅಂತ.

ಅಂಥ ಬಾಳಿಕೆ ಏನು ಮಾಡುತ್ತದೆ ಅನ್ನುವುದನ್ನು ನಮ್ಮ ಜಿಲ್ಲೆ ಕಂಡಿದೆ. ಪಕ್ಕದ ಕಾಸರಗೋಡಿನಲ್ಲಿ, ಇತ್ತ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಅದು ಸೇರಿತು. ಆ ಪಟ್ಟಿ ಇರುವುದೇ ಬೇಗ ಕರಗದೆ ಉಳಿಯುವ ವಿಷಗಳಿಗಾಗಿ. ಇಲ್ಲಿ ಇನ್ನೂ ಹಾಸಿಗೆ ಹಿಡಿದ ಮಕ್ಕಳಿದ್ದಾರೆ. ಅವರ ಅಪ್ಪ ಅಮ್ಮ ಓದುವ ಬ್ಯಾನರಿನಲ್ಲಿ "ಬಾಳಿಕೆಯ ರಸಾಯನ" ಅಂತ ಇರಬಾರದು.

ಅಮೆರಿಕದ ರಸಾಯನ ವಿಜ್ಞಾನಿಗಳಾದ ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಹಸಿರು ರಸಾಯನಶಾಸ್ತ್ರದ 12 ಸೂತ್ರ ಕೊಟ್ಟರು. 10ನೆಯದು ಇದೇ: ಕೆಲಸ ಮುಗಿದ ಮೇಲೆ ವಸ್ತು ತಾನಾಗಿ ಒಡೆದು, ಅಪಾಯವಿಲ್ಲದ ಚೂರುಗಳಾಗಬೇಕು. ಉಳಿಯಬೇಕಾದದ್ದು ನೆಲ, ವಸ್ತುವಲ್ಲ. ಪದವೂ ಅದನ್ನೇ ಹೇಳಬೇಕು ಅಲ್ವಾ?

ನಿಮ್ಮ ಯೂರಿಯಾ ಚಿತ್ರ ಒಳ್ಳೆಯ ಉದಾಹರಣೆ. 45 ಕೆಜಿ ಚೀಲದಲ್ಲಿ ಸುಮಾರು 20 ಕೆಜಿ ಸಾರಜನಕ ಇರುತ್ತದೆ. ಭತ್ತದ ಗದ್ದೆಯಲ್ಲಿ ಅದರ ಅರ್ಧಕ್ಕಿಂತ ಜಾಸ್ತಿ ಪೈರಿಗೆ ಸೇರುವುದೇ ಇಲ್ಲ. ಒಂದಿಷ್ಟು ಅಮೋನಿಯಾ ಆಗಿ ಹಾರಿಹೋಗುತ್ತದೆ. ಉಳಿದದ್ದನ್ನು ಮಣ್ಣಿನ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುತ್ತವೆ, ಅದು ನೀರಿನ ಜೊತೆ ಇಳಿದು ಬಾವಿ ಸೇರುತ್ತದೆ. ಬೇವಿನ ಎಣ್ಣೆಯ ಲೇಪ ಆ ಬ್ಯಾಕ್ಟೀರಿಯಾಗಳ ಕೆಲಸವನ್ನು ನಿಧಾನ ಮಾಡುತ್ತದೆ. ಪೈರಿಗೆ ಹೀರಲು ಸಮಯ ಸಿಗುತ್ತದೆ. ಲೇಪ ಬರುವ ಮುಂಚೆಯೇ ಯೂರಿಯಾಕ್ಕೆ ಬೇವಿನ ಹಿಂಡಿ ಬೆರೆಸಿ, ಒಂದು ರಾತ್ರಿ ಇಟ್ಟು ಎರಚುತ್ತಿದ್ದರು. ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಈ ಲೇಪ 2015ರಲ್ಲಿ ಕಡ್ಡಾಯವಾಯಿತು. ಹೊಂಗೆಯಲ್ಲೂ ಇದೇ ಗುಣ ಇದೆ.

ನನ್ನ ಸಲಹೆ: "ನೆಲ ಕೆಡಿಸದ ರಸಾಯನಶಾಸ್ತ್ರ". ಉದ್ದ ಅನ್ನಿಸಿದರೆ "ಹಸಿರು ರಸಾಯನ". ನನಗೆ ಮೊದಲನೆಯದೇ ಇಷ್ಟ, ಯಾಕಂದರೆ ಅದಕ್ಕೆ ವಿವರಣೆ ಬೇಡ.

(ಮೈಸೂರಿನಿಂದ)

ಇದು ಪದವಲ್ಲ, ವಾಕ್ಯ. ಪಾರಿಭಾಷಿಕ ಪದ ಅಂದರೆ ಬೇರೆ ರೂಪ ಕಟ್ಟಲು ಬರಬೇಕು. ಸುಸ್ಥಿರದಿಂದ ಸುಸ್ಥಿರತೆ ಆಗುತ್ತದೆ. "ನೆಲ ಕೆಡಿಸದತನ" ಅನ್ನುತ್ತೀರಾ?

(ಬೆಂಗಳೂರಿನಿಂದ)

ಬಾಳಿಕೆ ಬಗ್ಗೆ ಮೇಷ್ಟ್ರ ಮಾತನ್ನು ಒಪ್ಪುತ್ತೇನೆ, ಆ ಪದ ಬಿಡಿ. ಆದರೆ ಮೂಲ ಮಾತು ಬಿಡುವುದಿಲ್ಲ. ರೈತರ ಬಾಯಲ್ಲಿ ಗೊಬ್ಬರ, ಹಿಂಡಿ, ಸುಣ್ಣ, ಮೈಲುತುತ್ತು ಇವೆ. ಎಲ್ಲ ಅಚ್ಚಗನ್ನಡ. ಅಂಥ ನುಡಿಗೆ ರಸಾಯನಶಾಸ್ತ್ರ ಅನ್ನುವ ಕಲ್ಲು ಯಾಕೆ ಕಟ್ಟಬೇಕು?

(ಧಾರವಾಡದಿಂದ)

ಸರ್, ಪಟ್ಟಿ ತಪ್ಪು. ಮೈಲುತುತ್ತು ಅಚ್ಚಗನ್ನಡ ಅಲ್ಲ. ಮಯಿಲು ಅಂದರೆ ನವಿಲು, ತಮಿಳಿನಲ್ಲಿ ಇಂದಿಗೂ ಹಾಗೇ ಅನ್ನುತ್ತಾರೆ. ತುತ್ತು ಸಂಸ್ಕೃತದ ತುತ್ಥ. ನವಿಲಿನ ಕೊರಳಿನ ನೀಲಿ ಬಣ್ಣದ ತುತ್ಥ ಅಂತ ಹೆಸರು. ಸುಣ್ಣದ ಬೆನ್ನಿಗೆ ಚೂರ್ಣ ಇದೆ. ಗೊಬ್ಬರದ ನಂಟು ಪ್ರಾಕೃತದ ಕಡೆಗೆ, ಹಿಂದಿಯ ಗೋಬರ್ ಅದೇ ಮನೆತನದ್ದು. ಇವುಗಳನ್ನು ಹೊರಗೆ ಹಾಕಿದರೆ ಹೊಲದಲ್ಲಿ ಮಾತಾಡುವುದೇ ಕಷ್ಟ.

ಹೊಲದ ಮಾತು ಅಂದರೆ ಒಂದೇ ಇಲ್ಲ ಅನ್ನುವುದನ್ನೂ ಗಮನಿಸಿ. ಹಳೇ ಮೈಸೂರಿನಲ್ಲಿ ಔಷಧಿ ಹೊಡೆಯುತ್ತಾರೆ, ಕರಾವಳಿಯಲ್ಲಿ ಮದ್ದು ಬಿಡುತ್ತಾರೆ, ನಮ್ಮ ಕಡೆ ಎಣ್ಣಿ ಹೊಡೀತಾರ. ಅಂಗಡಿಯಿಂದ ತರುವ ಗೊಬ್ಬರಕ್ಕೆ ನಮ್ಮ ಹಿರಿಯರು ಸರಕಾರಿ ಗೊಬ್ಬರ ಅಂತಲೇ ಹೇಳುತ್ತಾರೆ.

ಕೊಡುಕೊಳ್ಳುವಿಕೆ ಒಂದೇ ದಾರಿಯದ್ದೂ ಅಲ್ಲ. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಕುಕ್ ಕಾಫಿ ಗಿಡದ ಶಿಲೀಂಧ್ರವೊಂದಕ್ಕೆ "ಪೆಲ್ಲಿಕುಲೇರಿಯಾ ಕೋಲೆರೋಗಾ" ಅಂತ ಹೆಸರಿಟ್ಟರು. ನಮ್ಮ ಕೊಳೆರೋಗ ಲ್ಯಾಟಿನ್ ಹೆಸರಿನ ಒಳಗೆ ಹೋಯಿತು. 1910ರ ಹೊತ್ತಿಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆ ರೋಗದ ಬಗ್ಗೆ ಬರೆದಾಗಲೂ ಇಂಗ್ಲಿಷಿನಲ್ಲಿ ಕೊಳೆರೋಗ ಅಂತಲೇ ಬರೆದರು. ಅದಕ್ಕೆ ಅವರು ಹೇಳಿದ ಮದ್ದು ಫ್ರಾನ್ಸಿನ ಬೋರ್ಡೋ ಊರಿನದು. ಪದ ಆ ಕಡೆ ಹೋಯಿತು, ಮದ್ದು ಈ ಕಡೆ ಬಂತು. ಯಾರ ಮಾನವೂ ಹೋಗಲಿಲ್ಲ.

(ಬೆಂಗಳೂರಿನಿಂದ)

ಸುಣ್ಣ, ಗೊಬ್ಬರ ಸಾವಿರ ವರ್ಷ ಬಾಯಲ್ಲಿ ಹೊರಳಿ ನಮ್ಮವಾದವು. ರಸಾಯನಶಾಸ್ತ್ರ ಸಮಿತಿಯಲ್ಲಿ ಹುಟ್ಟಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಕುಕ್ ಕೊಳೆರೋಗ ಅಂದದ್ದು ಇಲ್ಲಿನ ಬೆಳೆಗಾರರ ಬಾಯಲ್ಲಿ ಆ ಪದ ಇದ್ದದ್ದಕ್ಕೆ. ನಾನು ಕೇಳುತ್ತಿರುವುದೂ ಅದನ್ನೇ.

(ಪುತ್ತೂರಿನಿಂದ)

ಮೇಡಂ, ಈ ಜಗಳದಲ್ಲಿ ನಿಮ್ಮ ಎರಡನೇ ಚಿತ್ರ ಮರೆತುಹೋಯಿತು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಹೊಳಪಿನ ಚಾಕು ಅದ್ದಿ ನೋಡಬೇಕು, ಕೆಂಪು ಹತ್ತಿದರೆ ಸುಣ್ಣ ಸಾಲದು. ಇದರಿಂದ ಅಡಿಕೆ ಉಳಿದಿದೆ, ನಿಜ. ಆದರೆ ಮೈಲುತುತ್ತಿನಲ್ಲಿರುವ ತಾಮ್ರ ಮೂಲಧಾತು, ಅದು ಒಡೆಯುವುದಿಲ್ಲ. ವರ್ಷ ವರ್ಷವೂ ಮಣ್ಣಲ್ಲಿ ಕೂಡುತ್ತಾ ಹೋಗುತ್ತದೆ. ಅದಕ್ಕೇ ಯುರೋಪಿನಲ್ಲಿ 7 ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ತಾಮ್ರದ ಮಿತಿ ಹಾಕಿದ್ದಾರೆ. "ನೆಲ ಕೆಡಿಸದ" ಅಂತ ಬರೆದು ಕೆಳಗೆ ಈ ಚಿತ್ರ ಹಾಕಿದರೆ ಸುಳ್ಳಾಗುತ್ತದೆ. ಹಾಕುವುದಾದರೆ "ಅಳತೆ ಮೀರದಿರಲಿ" ಅಂತ ಜೊತೆಗೆ ಬರೆಯಿರಿ. ನಾನಂತೂ ಈಗಲೂ ಮದ್ದು ಬಿಡುತ್ತೇನೆ. ಬೇರೆ ದಾರಿ ಕೈಗೆ ಸಿಗುವವರೆಗೆ ಸಿಂಪಡಿಸಲೇಬೇಕು.

(ಶಿವಮೊಗ್ಗದಿಂದ)

ಎಲ್ಲರಿಗೂ ಧನ್ಯವಾದ. ಪ್ರೆಸ್ಸಿಗೆ ಹೀಗೆ ಕಳಿಸುತ್ತಿದ್ದೇನೆ.

ದೊಡ್ಡಕ್ಷರದಲ್ಲಿ: "ನೆಲ ಕೆಡಿಸದ ರಸಾಯನಶಾಸ್ತ್ರ: ಬೆಳೆಗೂ ಒಳಿತು, ಬಾವಿಗೂ ಒಳಿತು". ಕೆಳಗೆ: "ಇಂದಿನ ಬೇಸಾಯಕ್ಕೆ, ನಾಳಿನ ಆಹಾರ ಭದ್ರತೆಗೆ".

ಆಹಾರ ಭದ್ರತೆ ಹಾಗೇ ಇಟ್ಟಿದ್ದೇನೆ. 2013ರ ಕಾಯ್ದೆ ಬಂದ ಮೇಲೆ ರೇಷನ್ ಅಂಗಡಿಯ ಮುಂದೆ ನಿಲ್ಲುವವರಿಗೂ ಆ ಪದ ಗೊತ್ತು. ಯೂರಿಯಾ ಚಿತ್ರ ಮೊದಲು ಬರುತ್ತದೆ. ಬೋರ್ಡೋ ಚಿತ್ರದ ಕೆಳಗೆ ಅಳತೆ, ಚಾಕುವಿನ ಪರೀಕ್ಷೆ, ತಾಮ್ರದ ಮಾತು ಮೂರೂ ಹಾಕಿದ್ದೇನೆ.

(ಮೈಸೂರಿನಿಂದ)

ಬ್ಯಾನರಿಗೆ ಸರಿ. ಪಠ್ಯಪುಸ್ತಕಕ್ಕೆ ಸುಸ್ಥಿರವೇ ಇರಬೇಕು.

(ಪುತ್ತೂರಿನಿಂದ)

ಪಠ್ಯಪುಸ್ತಕಕ್ಕೇ ಮೊದಲು ಬೇಡ. ಹೊಸ ಚರ್ಚೆ ತೆರೆಯಿರಿ, ಅಲ್ಲಿ ಮಾತಾಡೋಣ.