ಶಾಲೆಯ ಕ್ಯಾಮೆರಾ ಹಾಜರಾತಿಗೆ ಒಪ್ಪಿಗೆ ಕೊಡಬೇಕೆ? ಅನುಭವ ಇದ್ದವರು ಹೇಳಿ

ಮಂಡ್ಯದ ತಾಯಿಯೊಬ್ಬರ ಪ್ರಶ್ನೆ: ಮಗಳು ಆರನೆಯ ತರಗತಿ. ಬರುವ ತಿಂಗಳಿನಿಂದ ಶಾಲೆಯ ಗೇಟಿನಲ್ಲಿ ಕ್ಯಾಮೆರಾ ಮಕ್ಕಳ ಮುಖ ನೋಡಿ ಹಾಜರಿ ಹಾಕುತ್ತದಂತೆ. ಒಪ್ಪಿಗೆ ಪತ್ರ ಬಂದಿದೆ. ಅದರಲ್ಲಿ ‘ಒಪ್ಪುವುದಿಲ್ಲ’ ಎನ್ನಲು ಜಾಗವೇ ಇಲ್ಲ. ಮಗು ತಲುಪಿದ ಕೂಡಲೇ ಮೊಬೈಲಿಗೆ ಸಂದೇಶ ಬರುತ್ತದೆಂದು ನಮ್ಮ ಯಜಮಾನರಿಗೆ ಸಮಾಧಾನ. ನನಗೇಕೋ ಮನಸ್ಸು ಒಪ್ಪುತ್ತಿಲ್ಲ.

ಮೈಸೂರು, ಸರಸ್ವತಿಪುರಂ: ಅಕ್ಕಾ, ನಮ್ಮ ಮಗನ ಶಾಲೆಯಿಂದಲೂ ಇಂಥದ್ದೇ ಪತ್ರ ಬಂದಿತ್ತು. ಸಹಿ ಹಾಕುವ ಮೊದಲು ಕೆಲವು ಪೋಷಕರು ಸೇರಿ ಮುಖ್ಯೋಪಾಧ್ಯಾಯರಿಗೆ ಬರೆದು ಕೇಳಿದೆವು. ಒಪ್ಪದ ಮಗುವಿಗೆ ಹೆಸರು ಕರೆದು ಹಾಜರಿ ಹಾಕುತ್ತೀರಾ? ಮುಖದ ಮಾಹಿತಿ ಶಾಲೆಯಲ್ಲೇ ಉಳಿಯುತ್ತದೆಯೋ, ಯಂತ್ರ ಮಾರಿದವರ ಬಳಿಗೂ ಹೋಗುತ್ತದೆಯೋ? ಟಿ.ಸಿ. ಪಡೆದ ದಿನ ಅಳಿಸುತ್ತೀರಾ? ಮೊದಲನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ಬೇಡ ಎನ್ನಲು ದಾರಿಯಿಲ್ಲದಿದ್ದರೆ ಸಹಿಗೆ ಬೆಲೆಯೇನು? ಸ್ವೀಡನ್ನಿನ ಶೆಲೆಫ್ಟಿಯೊದ ಶಾಲೆಯೊಂದು 22 ವಿದ್ಯಾರ್ಥಿಗಳ ಮೇಲೆ ಇದನ್ನೇ ಪ್ರಯೋಗ ಮಾಡಿತ್ತು. ಒಪ್ಪಿಗೆ ಪಡೆದೇ ಮಾಡಿದ್ದರೂ 2019ರಲ್ಲಿ ಅಲ್ಲಿನ ಸ್ಥಳೀಯ ಆಡಳಿತಕ್ಕೆ 2 ಲಕ್ಷ ಕ್ರೋನರ್ ದಂಡ ಬಿತ್ತು. ಶಾಲೆಯ ಹಂಗಿನಲ್ಲಿರುವ ಮಕ್ಕಳ ಒಪ್ಪಿಗೆ ಸ್ವತಂತ್ರ ಒಪ್ಪಿಗೆಯಲ್ಲ ಎಂದಿತು ಅಲ್ಲಿನ ಮಾಹಿತಿ ರಕ್ಷಣಾ ಪ್ರಾಧಿಕಾರ.

ನಮ್ಮ ಶಾಲೆ ಕೊನೆಗೆ ಎರಡೂ ವ್ಯವಸ್ಥೆ ಇಟ್ಟಿತು. ಆದರೆ ಆರಂಭದಲ್ಲಿ ಒಪ್ಪದ ಮಕ್ಕಳನ್ನು ಗೇಟಿನಲ್ಲಿ ಬೇರೆ ಸಾಲು ನಿಲ್ಲಿಸುತ್ತಿದ್ದರು. ಹೋಗಿ ಮಾತನಾಡಿ ಅದನ್ನೂ ತಪ್ಪಿಸಬೇಕಾಯಿತು. ಈ ಕಡೆಗೂ ಗಮನವಿರಲಿ.

ಪಾಂಡವಪುರದ ಹತ್ತಿರದ ಹಳ್ಳಿ: ನಾನು ಹೇಳುವುದು ನ್ಯಾಯಬೆಲೆ ಅಂಗಡಿಯ ವಿಷಯ. ನಮ್ಮ ಅವ್ವ ಕಬ್ಬು ಕಡಿದು ಬಾಳಿದವರು, ಬೆರಳಿನ ಗೆರೆಗಳು ಸವೆದಿವೆ. ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ಅಂಗಡಿಯವರು ಅವ್ವನನ್ನು ಬಹುಕಾಲದಿಂದ ಬಲ್ಲರು. ಆದರೂ ಯಂತ್ರದ ಮಾತೇ ನಡೆದು ಅವ್ವ ಬರಿಚೀಲ ಹಿಡಿದು ಮನೆಗೆ ಬಂದರು. ಮಗು ತರಗತಿಯಲ್ಲಿ ಕುಳಿತಿರುವಾಗ ಯಂತ್ರ ಗೈರುಹಾಜರಿ ಎಂದರೆ ಟೀಚರ್ ಮಾತು ನಡೆಯುತ್ತದೆಯೇ? ಬರವಣಿಗೆಯಲ್ಲೇ ಉತ್ತರ ಪಡೆಯಿರಿ.

ಕುವೆಂಪುನಗರ: ತಂತ್ರಾಂಶದ ಕೆಲಸದಲ್ಲಿರುವವಳು ನಾನು, ಇದು ಬರೀ ಭಯವಲ್ಲ. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ತಂತ್ರಾಂಶಗಳನ್ನು ಸಂಶೋಧಕಿಯರಾದ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಪರೀಕ್ಷಿಸಿದರು. ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಶೇ 0.8 ದಾಟಲಿಲ್ಲ, ಕಪ್ಪು ಹೆಂಗಸರ ವಿಷಯದಲ್ಲಿ ಶೇ 34.7ರವರೆಗೆ ಹೋಯಿತು. ಹಾಜರಾತಿ ಯಂತ್ರದ ಕೆಲಸ ಬೇರೆ, ನಿಜ. ಆದರೆ ಎಂಥವರ ಮುಖ ತೋರಿಸಿ ಕಲಿಸಿದ್ದಾರೆ ಎಂಬ ಪ್ರಶ್ನೆ ಇಲ್ಲಿಯೂ ಇದೆ. ‘ಫೋಟೊ ಇಡುವುದಿಲ್ಲ, ಮುಖದಿಂದ ತೆಗೆದ ಅಂಕಿಗಳನ್ನಷ್ಟೇ ಇಡುತ್ತೇವೆ’ ಎಂದರೆ ನೆಮ್ಮದಿ ಪಡಬೇಡಿ. ಆ ಅಂಕಿಗಳೇ ಗುರುತು. ಪಾಸ್‌ವರ್ಡ್ ಸೋರಿಹೋದರೆ ಬದಲಿಸಬಹುದು, ಮುಖ ಬದಲಿಸಲಾಗದು.

ವಿಜಯನಗರ: ನಾನು ಸಹಿ ಹಾಕಿದವನು. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಆ ಸಂದೇಶ ಬಂದ ಮೇಲೆಯೇ ಜೀವಕ್ಕೆ ನೆಮ್ಮದಿ. ಆ ಅಗತ್ಯವನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ.

ಸರಸ್ವತಿಪುರಂ: ಖಂಡಿತ ಇಲ್ಲ ಸರ್. ಆದರೆ ಸಂದೇಶ ಕಳುಹಿಸಲು ಮುಖ ಬೇಕಿಲ್ಲ. ನಮ್ಮಲ್ಲಿ ಟೀಚರ್ ಹೆಸರು ಕರೆದು ಮೊಬೈಲಿನಲ್ಲಿ ಗುರುತು ಹಾಕಿದರೂ ಅದೇ ಸಂದೇಶ ಬರುತ್ತದೆ. ಅಕ್ಕಾ, ಯಜಮಾನರಿಗೆ ಮೊದಲು ಇದನ್ನೇ ಹೇಳಿ. ಇನ್ನು ಕಾನೂನು: ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. ಅವರು ಓದಿದ್ದು ನಮ್ಮ ಮಹಾರಾಜ ಕಾಲೇಜಿನಲ್ಲಿ. 2023ರ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕನ್ನು ಬರೆದಿದ್ದಾರೆ. ಆದರೆ ಮಕ್ಕಳ ವಿಷಯದಲ್ಲಿ ಶಾಲೆಗಳಿಗೆ ಕೆಲವು ವಿನಾಯಿತಿಗಳಿವೆ, ಆದ್ದರಿಂದ ಕಾಯ್ದೆಯನ್ನೇ ನೆಚ್ಚಿ ಕೂರಬೇಡಿ. ಸಹಿ ಹಾಕದೆ ಪ್ರಶ್ನೆಗಳ ಪತ್ರ ಕೊಟ್ಟು, ಅದರ ನಕಲಿನ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ. ಉತ್ತರ ಬಂದಾಗ ಇಲ್ಲಿ ಬರೆಯಿರಿ, ಮುಂದಿನ ಪತ್ರಕ್ಕೆ ನಾನು ಸಹಾಯ ಮಾಡುತ್ತೇನೆ.