ಓಣಂ ರಜೆ, ಐದು ಜನ, 40,000 ರೂಪಾಯಿ: ಎಲ್ಲಿಗೆ ಹೋಗಬಹುದು?

ಬದಿಯಡ್ಕದ ಅಕ್ಕ:
ಎಲ್ಲರಿಗೂ ನಮಸ್ಕಾರ. ನಾವು ಕೇರಳದ ಕಾಸರಗೋಡು ಕಡೆಯ ಕನ್ನಡದವರು. ಈ ಸಲ ಓಣಂ ರಜೆಗೆ ಮಕ್ಕಳನ್ನು ಎಲ್ಲಾದರೂ ಕರ್ಕೊಂಡು ಹೋಗಲೇಬೇಕು. ನಾನು, ಇವರು, ಅತ್ತೆ, ಎಂಟನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ. ಅತ್ತೆಗೆ ಗಂಟುನೋವು, ಮೆಟ್ಟಿಲು ಹತ್ತೋದು ಕಷ್ಟ. ಬಿಟ್ಟು ಹೋದರೆ ವರ್ಷವಿಡೀ ಮಾತು ಕೇಳಬೇಕು. ಕೈಯಲ್ಲಿರೋದು 40,000. ಅಡಿಕೆ ಕೊಟ್ಟ ದುಡ್ಡು. ಇದರ ಮೇಲೆ ಒಂದು ಪೈಸೆ ಇಲ್ಲ ಅಂತ ಇವರು ಹೇಳಿಯಾಗಿದೆ. ಮನೆಯಲ್ಲಿ ಕರೆಯುವ ದನ ಇದೆ. ಪಕ್ಕದ ಮನೆಯವರು ನಾಲ್ಕು ದಿನ ನೋಡಿಕೊಳ್ಳುತ್ತಾರೆ, ಜಾಸ್ತಿ ಕೇಳೋಕೆ ನನಗೇ ನಾಚಿಕೆ.

ದುಬೈಯಲ್ಲಿರುವ ತಮ್ಮ ಫೋನ್ ಮಾಡಿದಾಗೆಲ್ಲ "ಗೋವಾಕ್ಕೆ ಸುರಿಯೋ ದುಡ್ಡಲ್ಲಿ ಬ್ಯಾಂಕಾಕ್ ನೋಡಬಹುದು ಅಕ್ಕಾ" ಅಂತಾನೆ. ನಿಜವಾ? ಮುನ್ನಾರಿನ ರೂಮಿನ ರೇಟು ನೋಡಿ ನಾನಂತೂ ಫೋನ್ ಕೆಳಗಿಟ್ಟೆ.

ಕುಂಬಳೆ ಪ್ಯಾಸೆಂಜರ್:
ತಮ್ಮನದ್ದು ಒಂಟಿ ಆಳಿನ ಲೆಕ್ಕ ಅಕ್ಕ. ನಿಮ್ಮ ಮನೆಯಲ್ಲಿ ಎಷ್ಟು ಜನರ ಹತ್ತಿರ ಪಾಸ್‌ಪೋರ್ಟ್ ಇದೆ? ಅದಕ್ಕೇ ದೊಡ್ಡವರಿಗೆ 1,500, ಮಕ್ಕಳಿಗೆ 1,000 ಕಟ್ಟಬೇಕು. ವಿಮಾನದ ಮಾತು ಆಮೇಲೆ.

ಗೋವಾ ಆದರೆ ಕಾಸರಗೋಡಿನಲ್ಲಿ ನೇತ್ರಾವತಿ ಹತ್ತಿ, ಮಡಗಾಂವ್‌ನಲ್ಲಿ ಇಳಿಯಿರಿ. ಸ್ಲೀಪರ್ ಸಾಕು. ಮಗನಿಗೆ ಬೇರೆ ಬರ್ತ್ ಬೇಡ ಅಂತ ಹಾಕಿದರೆ ಅರ್ಧ ಟಿಕೆಟ್. ಬರ್ತ್ ಕೇಳಿದರೆ ಪೂರ್ತಿ ದುಡ್ಡು. ಅತ್ತೆಯವರಿಗೆ ರಿಯಾಯಿತಿ ಸಿಗಬಹುದು ಅಂದ್ಕೋಬೇಡಿ, ಹಿರಿಯರದ್ದು 2020ರಲ್ಲೇ ನಿಂತಿದೆ. ಬುಕಿಂಗ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ, ಮೊದಲಿನ ಹಾಗೆ 120 ದಿನ ಅಲ್ಲ. ಓಣಂ ಹೊತ್ತಿಗೆ ನಮ್ಮ ಕಡೆಯ ರೈಲು ಹೇಗೆ ತುಂಬುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬುಕಿಂಗ್ ತೆರೆದ ದಿನವೇ ಬೆಳಗ್ಗೆ ಎಂಟಕ್ಕೆ ಕೂತುಬಿಡಿ.

ಆ ತಿಂಗಳು ಗೋವಾದಲ್ಲಿ ಮಳೆ, ರೂಮು ಅಗ್ಗ. ಆದರೆ ಕಡಲಿಗೆ ಇಳಿಯೋಕೆ ಬಿಡಲ್ಲ. ಮಕ್ಕಳು ಸುಮ್ನೆ ಮುಖ ಊದಿಸಿಕೊಂಡು ಕೂರ್ತಾರೆ.

ಮುಳ್ಳೇರಿಯ ಟೀಚರ್:
ಅಕ್ಕ, ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ, ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲ್ಲ. ನಮ್ಮದು ಕನ್ನಡ ಶಾಲೆ ಆದರೂ ರಜೆ ಕೇರಳದ್ದು. ಓಣಂಗೆ ನಮಗೆ ಹತ್ತು ದಿನ ಬಿಡುವು, ಕರ್ನಾಟಕದಲ್ಲಿ ಆಗ ಶಾಲೆ ನಡೆಯುತ್ತಿರುತ್ತದೆ. ಅವರಿಗೆ ದೊಡ್ಡ ರಜೆ ದಸರಾಕ್ಕೆ. ಅಂದರೆ ನೀವು ಹೋಗುವಾಗ ಅಲ್ಲಿನ ಸಂಸಾರಗಳು ಮನೆಯಲ್ಲೇ ಇರುತ್ತವೆ. ಗುರುವಾರಕ್ಕೆ ಮುಂಚೆ ಮುಗಿಯುವ ಹಾಗೆ ರೂಮು ಹಿಡಿಯಿರಿ, ಶನಿವಾರ ಬಂದರೆ ಬೆಂಗಳೂರಿನವರು ಬಂದಿಳಿಯುತ್ತಾರೆ. ಚೌತಿ ಯಾವ ವಾರ ಬೀಳುತ್ತದೆ ಅಂತ ಮೊದಲು ಪಂಚಾಂಗ ನೋಡಿ. ಜಾಲ್ಸೂರು, ಸುಳ್ಯ, ಮಡಿಕೇರಿ ದಾರಿಯಲ್ಲಿ ಮೈಸೂರಿಗೆ ಹೋದರೆ ಮಕ್ಕಳಿಗೆ ಝೂ, ಅತ್ತೆಗೆ ಅರಮನೆ. ಝೂ ಮಂಗಳವಾರ ರಜೆ.

ಪೆರ್ಲದವ:
ಟೀಚರ್, ಲೆಕ್ಕ ಸರಿ, ಊರು ತಪ್ಪು. ಓಣಂಗೆ ಮಡಿಕೇರಿ, ಮೈಸೂರಿಗೆ ಕಣ್ಣೂರು, ಕೋಯಿಕ್ಕೋಡ್, ವಯನಾಡಿನವರೆಲ್ಲ ಬಂದು ತುಂಬಿರುತ್ತಾರೆ. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ಕಿವಿಗೊಟ್ಟರೆ ಬರೀ ಮಲಯಾಳ. ನಿಮ್ಮ ಲೆಕ್ಕ ನಡೆಯೋದು ಮಲಯಾಳಿಗಳು ಅಷ್ಟಾಗಿ ಹೋಗದ ಕಡೆ. ಹಂಪಿ, ಬಾದಾಮಿ.

ಟ್ಯಾಕ್ಸಿ ಮಾಡುವುದಾದರೆ ಆಲ್ ಇಂಡಿಯಾ ಪರ್ಮಿಟ್ ಇದೆಯಾ ಅಂತ ಮೊದಲೇ ಕೇಳಿ. ಇಲ್ಲದಿದ್ದರೆ ಗಡಿಯಲ್ಲಿ ಪರ್ಮಿಟ್ಟಿನ ದುಡ್ಡು ನಿಮ್ಮ ತಲೆ ಮೇಲೆ. ಸ್ವಂತ ಕಾರಾದರೆ ಆ ತಾಪತ್ರಯ ಇಲ್ಲ, ಸುಳ್ಯದಲ್ಲಿ ಟ್ಯಾಂಕ್ ತುಂಬಿಸಿ. ಪೆಟ್ರೋಲ್ ಆಚೆ ಕಡೆ ಅಗ್ಗ.

ಬದಿಯಡ್ಕದ ಅಕ್ಕ:
ನಮ್ಮದು ಹಳೇ ಆಲ್ಟೊ. ಅತ್ತೆಯನ್ನೂ ಕೂರಿಸಿಕೊಂಡು ಹಂಪಿವರೆಗೆ ಆಗದ ಮಾತು. ಬಸ್ಸೇ ಗತಿ. ಪುತ್ತೂರಿನ ನಾದಿನಿ "ನಮಗೆ ಫ್ರೀ ಅಲ್ವಾ" ಅಂತ ನಗ್ತಾಳೆ. ಕನ್ನಡ ಮಾತಾಡಿದರೆ ಏನು, ಆಧಾರಿನಲ್ಲಿ ಕೇರಳದ ವಿಳಾಸ ಇದ್ದರೆ ಕರ್ನಾಟಕದ ಹೆಂಗಸರಿಗಿರುವ ಶಕ್ತಿ ಯೋಜನೆಯ ಫ್ರೀ ಟಿಕೆಟ್ ಕೊಡಲ್ಲ! ಹಂಪಿಯಲ್ಲಿ ಅತ್ತೆ ನಡೆದಾರಾ?

ಮುಳ್ಳೇರಿಯ ಟೀಚರ್:
ನಾದಿನಿಗೆ ಹೇಳಿ, ಸ್ಲೀಪರ್ ಬಸ್ಸಿನಲ್ಲಿ ಅವಳಿಗೂ ಫ್ರೀ ಇಲ್ಲ. ಪೆರ್ಲದವರ ಮಾತು ಒಪ್ಪಿದೆ, ಹಂಪಿಯೇ ಆಗಲಿ. ಮಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಹೊಸಪೇಟೆ. ಅತ್ತೆಯವರಿಗೆ ಲೋವರ್ ಬರ್ತ್ ಹಿಡಿಯಿರಿ.

ವಿರೂಪಾಕ್ಷ ದೇವಸ್ಥಾನದ ಅಂಗಳ ಸಮತಟ್ಟು, ನಿಧಾನಕ್ಕೆ ನಡೆದರೆ ಸಾಕು. ವಿಠ್ಠಲ ದೇವಸ್ಥಾನಕ್ಕೆ ಗಾಡಿ ನಿಲ್ಲಿಸುವಲ್ಲಿಂದ ಬ್ಯಾಟರಿ ಗಾಡಿ ಇದೆ. ಮಾತಂಗ ಬೆಟ್ಟ ಮಾತ್ರ ಅವರಿಗೆ ಬೇಡ. ನೀವು ನಾಲ್ವರು ಹತ್ತುವಷ್ಟು ಹೊತ್ತು ಅವರು ಕೆಳಗೆ ಟೀ ಕುಡಿಯಲಿ. ವಿಠ್ಠಲ ದೇವಸ್ಥಾನದಲ್ಲಿ ತೆಗೆದ ಟಿಕೆಟ್ ಬಿಸಾಡಬೇಡಿ, ಅದೇ ದಿನ ಕಮಲ ಮಹಲಿಗೂ ನಡೆಯುತ್ತದೆ. ದೊಡ್ಡವರಿಗೆ 40 ರೂಪಾಯಿ, ಹದಿನೈದರ ಒಳಗಿನ ಮಕ್ಕಳಿಗೆ ಇಲ್ಲ. ನಿಮ್ಮಿಬ್ಬರು ಮಕ್ಕಳೂ ಪಾರು.

ತೆಪ್ಪದಲ್ಲಿ ಕೂರಿಸುತ್ತೇನೆ ಅಂತ ಮಗನಿಗೆ ಈಗಲೇ ಮಾತು ಕೊಡಬೇಡಿ. ಡ್ಯಾಮಿನಿಂದ ನೀರು ಬಿಟ್ಟರೆ ತುಂಗಭದ್ರೆಯಲ್ಲಿ ಪುರಂದರ ಮಂಟಪವೇ ಮುಳುಗುತ್ತದೆ, ತೆಪ್ಪ ಎಲ್ಲಿಂದ. ಉಳಿಯೋಕೆ ಕಮಲಾಪುರದಲ್ಲಿ ಸರ್ಕಾರದ ಮಯೂರ ಭುವನೇಶ್ವರಿ ಇದೆ. ಆಟೋ ಮಾತ್ರ ಇಡೀ ದಿನಕ್ಕೆ ಮಾತಾಡಿಕೊಳ್ಳಿ, ಬಿಡಿ ಬಿಡಿಯಾಗಿ ಹತ್ತಿದರೆ ನಿಮ್ಮ ಅಡಿಕೆ ದುಡ್ಡು ಅಲ್ಲೇ ಕರಗುತ್ತದೆ.

ಬೇಕಲ ಬೀಚ್:
ಇಷ್ಟೆಲ್ಲ ಯಾಕೆ? ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ನಮ್ಮ ಬಾಗಿಲಲ್ಲೇ ಇದೆ. ಬೇಕಲ ನೋಡಿ, ನೀಲೇಶ್ವರದಲ್ಲಿ ಹೌಸ್‌ಬೋಟ್ ಹತ್ತಿ, ರಾತ್ರಿ ಮನೆಗೆ ಬಂದು ದನ ಕಟ್ಟಿ.

ಬದಿಯಡ್ಕದ ಅಕ್ಕ:
ಬೇಕಲ ನಮ್ಮ ಮಕ್ಕಳಿಗೆ ಬಾಯಿಪಾಠ ಆಗಿದೆ ಅಣ್ಣಾ. ಶಾಲೆಯಿಂದ ಪ್ರತಿ ಸಲ ಅಲ್ಲಿಗೇ ಕರ್ಕೊಂಡು ಹೋಗ್ತಾರೆ.

ಹಂಪಿ ಅಂತ ಇವರಿಗೆ ಹೇಳಿದೆ. "ಕಲ್ಲು ನೋಡೋಕೆ ಅಷ್ಟು ದೂರವಾ" ಅಂದರು. ಅತ್ತೆ ಒಳಗಿಂದಲೇ "ವಿರೂಪಾಕ್ಷನ ದರ್ಶನ ಆಗ್ತದಲ್ವಾ, ಹೋಗುವ" ಅಂದಮೇಲೆ ಬಾಯಿ ಮುಚ್ಚಿದರು. ಟೀಚರ್, ಆ ಮಯೂರದಲ್ಲಿ ಕೆಳಗಿನ ಮಹಡಿಯ ರೂಮು ಬೇಕು ಅಂತ ಬುಕಿಂಗ್ ಮಾಡುವಾಗಲೇ ಕೇಳಬಹುದಾ, ಅಥವಾ ಅಲ್ಲಿಗೆ ಹೋದ ಮೇಲೆ ಹೇಳಬೇಕಾ?

ಮುಳ್ಳೇರಿಯ ಟೀಚರ್:
ಬುಕ್ ಮಾಡಿದ ಕೂಡಲೇ ಫೋನ್ ಮಾಡಿ ಹೇಳಿ, ಹೋಗುವ ಹಿಂದಿನ ದಿನ ಇನ್ನೊಮ್ಮೆ ನೆನಪಿಸಿ.