ಅಪ್‌ಡೇಟ್: ಮಡಚುವ ಚಾಕು ಕೊನೆಗೂ ತಗೊಂಡೆ

ಶಿರಸಿ ಕಡೆ ಅಡಿಕೆ ತೋಟದ ಓಡಾಟಕ್ಕೆ, ಜೇಬಲ್ಲಿಟ್ಟುಕೊಳ್ಳಲು 2,000 ರೂಪಾಯಿ ಒಳಗೆ ಒಳ್ಳೆಯ ಮಡಚುವ ಚಾಕು ಯಾವುದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

"ಒಪಿನೆಲ್ 8 ತಗೊಳ್ಳಿ, ಆದರೆ ಸ್ಟೇನ್‌ಲೆಸ್‌ದೇ ಇರಲಿ" ಅಂದವರ ಮಾತೇ ಸರಿಯಾಯ್ತು, ಅದನ್ನೇ ತಗೊಂಡೆ. ಒಪಿನೆಲ್ ಅಂದ್ರೆ ಮರದ ಹಿಡಿಯ ಫ್ರೆಂಚ್ ಮಡಚುವ ಚಾಕು, 8 ಅದರ ಅಳತೆಯ ನಂಬರ್. 8.5 ಸೆಂ.ಮೀ. ಅಲಗು, ತೆಳ್ಳಗಿದೆ. ಬಾಳೆಲೆ, ಕಾಳುಮೆಣಸಿನ ಬಳ್ಳಿ ಕಟ್ಟುವ ಹಗ್ಗ, ಹಲಸಿನ ತೊಳೆ ಎಲ್ಲ ಸಲೀಸು. ಬುಡದ ಉಂಗುರ ತಿರುಗಿಸಿದರೆ ಲಾಕ್ ಆಗುತ್ತದೆ, ಬೆರಳ ಮೇಲೆ ಮಡಚಿಕೊಳ್ಳುವ ಭಯವಿಲ್ಲ.

ಕಾರ್ಬನ್ ಸ್ಟೀಲ್ ಮಸೆಯೋದು ಸುಲಭ ಅಂದಿದ್ರಿ, ನಿಜ. ಭಾವನ ಹತ್ತಿರ ಇದ್ದದ್ದನ್ನು ತಂದು ನೋಡಿದೆ. ಮಾವಿನಕಾಯಿ ಹೆಚ್ಚಿ ಒರೆಸದೆ ಇಟ್ಟರೆ ಅಲಗು ಕಪ್ಪು. ನಮ್ಮ ಮಳೆಗಾಲದ ತಂಡಿಗೆ ಮರುದಿನವೇ ತುಕ್ಕಿನ ಚುಕ್ಕೆ. ದಿನಾ ಎಣ್ಣೆ ಸವರುವವರಿಗೆ ಮಾತ್ರ ಅದು. ಕತ್ತರಿ, ಸ್ಕ್ರೂಡ್ರೈವರ್ ಎಲ್ಲ ಇರುವ ಅಗ್ಗದ ಚಾಕು ಬೇಡವೇ ಬೇಡ. ಅಂಗಡಿಯಲ್ಲೇ ಅಲಗು ಅಲ್ಲಾಡುತ್ತಿತ್ತು.

ಒಂದು ವಿಷಯ ಯಾರೂ ಹೇಳಿರಲಿಲ್ಲ. ಒಪಿನೆಲ್ ಹಿಡಿ ಬೀಚ್ ಮರದ್ದು. ತೇವ ಹೀರಿ ಉಬ್ಬಿತು, ಅಲಗು ಎಷ್ಟು ಬಿಗಿಯಾಯ್ತು ಅಂದ್ರೆ ಉಗುರು ಹಾಕಿ ಎಳೆದರೂ ಬರಲಿಲ್ಲ. ಉಂಗುರ ತೆರೆದಿಟ್ಟು, ಹಿಡಿಯ ಹಿಂತುದಿಯನ್ನು ಮೇಜಿಗೆ ಒಮ್ಮೆ ಕುಟ್ಟಿದರೆ ಅಲಗಿನ ತುದಿ ಹೊರಗೆ ಬರುತ್ತದೆ. ಫ್ರಾನ್ಸಿನ ಸವೋಯ್‌ನವರ ಹಳೇ ಉಪಾಯವಂತೆ, ಆ ಚಾಕು ಹುಟ್ಟಿದ ಊರೇ ಅದು. ಆಮೇಲೆ ಒಲೆ ಹತ್ತಿರ ಚೆನ್ನಾಗಿ ಒಣಗಿಸಿ, ಹಿಡಿಗೆ ಸ್ವಲ್ಪ ಎಣ್ಣೆ ಹಚ್ಚಿದೆ. ಈಗ ಸಲೀಸಾಗಿ ತೆರೆಯುತ್ತದೆ. ಕರಾವಳಿ ಕಡೆಯವರು ತಗೊಳ್ಳೋದಾದ್ರೆ ಮಳೆ ಶುರುವಾಗುವ ಮೊದಲೇ ಎಣ್ಣೆ ಹಚ್ಚಿಡಿ.